ಊರಿಗೆ ಹೊರಟವರ ಕಳ್ಳಜೇಬು

ಅಂಗಡಿಯ ಬಟ್ಟೆಗೆ ಕಳ್ಳಜೇಬು ಇರುವುದಿಲ್ಲ. ಇದ್ದರೂ ಅದು ಎಲ್ಲಿದೆಯೆಂದು ಕಳ್ಳನಿಗೂ ಗೊತ್ತಿರುತ್ತದೆ. ನಿಜವಾದ ಕಳ್ಳಜೇಬು ಮನೆಯ ಮಷೀನಿನಲ್ಲೇ ಹುಟ್ಟಬೇಕು. ಪಟ್ಟಾಪಟ್ಟಿ ಚಡ್ಡಿಯ ಒಂದು ಪಕ್ಕಕ್ಕೆ, ಬನೀನಿನ ಒಳಮೈಗೆ, ಒಳಲಂಗದ ಲಾಡಿಯಿಂದ ಒಂದು ಗೇಣು ಕೆಳಗೆ. ಕಾಶಿಗೋ ತಿರುಪತಿಗೋ ಹೊರಟ ಅತ್ತೆಗೆ ಸೊಸೆ ಅದನ್ನು ಹೊಲಿಯುವಾಗ ನಡೆಯುವ ಮಾತುಕತೆ ಕೇಳಬೇಕು. ‘ಅತ್ತೆ, ನೋಟು ಮಡಚಿ ಇಡ್ತೀರೋ, ಸುರುಳಿ ಸುತ್ತಿ ಇಡ್ತೀರೋ?’ ‘ಬಲಗೈಲಿ ತೆಗೀತೀರೋ, ಎಡಗೈಲೋ?’ ‘ಮಾತ್ರೆ ಶೀಟೂ ಅದರಲ್ಲೇ ಹಾಕ್ಕೋತೀರಾ?’ ‘ಹಾಕ್ಕೋತೀನಿ ಕಣೆ, ಒಂದಿಷ್ಟು ದೊಡ್ಡದಾಗೇ ಹೊಲಿ. ಆದರೆ ಕೂತಾಗ ಚುಚ್ಚಬಾರದು.’

ಮನೆಯ ಹೊಲಿಗೆಗೂ ಅಂಗಡಿಯ ಹೊಲಿಗೆಗೂ ಇರುವ ಅಂತರವೆಲ್ಲ ಈ ನಾಲ್ಕು ಮಾತಿನಲ್ಲಿದೆ. ರೆಡಿಮೇಡ್ ಉಡುಪಿಗೆ ಎಸ್, ಎಂ, ಎಲ್ ಎಂಬ ಅಳತೆಗಳಿವೆ. ಮಂಡಿನೋವಿನಿಂದ ಎಡಕ್ಕೆ ವಾಲಿ ಕೂರುವ ಅರವತ್ತೆಂಟರ ಹೆಂಗಸು ಯಾವ ಕಡೆಗೆ ಜೇಬಿಟ್ಟರೆ ನಿದ್ದೆಯಲ್ಲೂ ಅದರ ಮೇಲೆ ಕೈ ಇಟ್ಟುಕೊಂಡಿರುತ್ತಾಳೆ ಎಂಬ ಲೆಕ್ಕ ಆ ಅಕ್ಷರಗಳಲ್ಲಿ ಬರುವುದಿಲ್ಲ.

ಹೆಂಗಸರ ಉಡುಪಿಗೂ ಜೇಬಿಗೂ ಮೊದಲಿನಿಂದ ಅಷ್ಟಕ್ಕಷ್ಟೆ. ಸೀರೆಗೆ ಜೇಬಿಲ್ಲ, ರವಿಕೆಗೆ ಜೇಬಿಲ್ಲ, ಸಾವಿರಾರು ರೂಪಾಯಿಯ ಚೂಡಿದಾರಕ್ಕೂ ಇಲ್ಲ. ಹಾಗಾಗಿ ಸೆರಗಿನ ತುದಿಯ ಗಂಟು, ಸೊಂಟಕ್ಕೆ ಸಿಕ್ಕಿಸಿದ ಸಂಚಿ, ರವಿಕೆಯೊಳಗಿನ ಪುಟಾಣಿ ಪರ್ಸು. ತಿರುಪತಿಯ ಹರಕೆಯ ಕಾಸಂತೂ ಅರಿಶಿನದ ಬಟ್ಟೆಯಲ್ಲಿ ಮುಡಿಪಾಗಿ ಬೇರೆಯೇ ಕೂರುತ್ತದೆ. ಈಚೆಗೆ ನೈಟಿಗೆ ಜೇಬು ಬಂದಿದೆ. ನನ್ನ ಪ್ರಕಾರ ಕಳೆದ ಕಾಲು ಶತಮಾನದಲ್ಲಿ ನಮ್ಮ ಮನೆಗಳೊಳಗೆ ಸದ್ದಿಲ್ಲದೆ ನಡೆದ ಒಂದು ದೊಡ್ಡ ಸುಧಾರಣೆ ಅದು. ಮೊಬೈಲು ಬಂದ ಮೇಲೆ ಅದನ್ನು ಎಲ್ಲಿಡುವುದು ಎಂಬ ಪ್ರಶ್ನೆ ಎದ್ದಿತು. ಮಷೀನು ಇದ್ದವರು ಹಳೆಯ ಅಂಗಿಯ ಜೇಬನ್ನು ಕಿತ್ತು ನೈಟಿಗೆ ಕೂರಿಸಿಕೊಂಡರು. ಅಂಗಡಿಯವರು ಆಮೇಲೆ ಕಲಿತರು.

ಗಂಟು, ಚೀಲ, ಜೇಬುಗಳ ವಿಚಾರದಲ್ಲಿ ಕನ್ನಡನಾಡಿನ ಪ್ರಯಾಣಿಕರು ಹಿಂದೆ ಬಹಳ ಚತುರರಾಗಿದ್ದರು. ಇಂದು ವಿದೇಶ ಪ್ರವಾಸಕ್ಕೆ ಹೊರಟವರು ದುಡ್ಡು ಕೊಟ್ಟು ತರಿಸುವ ‘ಮನಿ ಬೆಲ್ಟ್’ ನಮ್ಮ ಹಮ್ಮಿಣಿಯೇ. ಉದ್ದನೆಯ ಕಿರಿದಾದ ಬಟ್ಟೆಯ ಕೊಳವೆ, ಅದರೊಳಗೆ ನಾಣ್ಯ, ನಡುವಿಗೆ ಸುತ್ತಿ ಕಟ್ಟಿ ಮೇಲೆ ಧೋತ್ರ. ಸಂತೆಯಿಂದ ಸಂತೆಗೆ ಹೋಗುವ ವ್ಯಾಪಾರಿಯ ಹೆಗಲ ಮೇಲೆ ಹಸಿಬೆ ಇರುತ್ತಿತ್ತು. ನಡುವೆ ಬಾಯಿ, ಎರಡು ಕಡೆಗೂ ಚೀಲ. ಮುಂದೊಂದು ಹಿಂದೊಂದು ಜೋತುಬಿದ್ದು ಭಾರ ತಾನಾಗಿ ಸರಿದೂಗುತ್ತದೆ, ಕೈ ಎರಡೂ ಬಿಡುವು. ಬಾಯಿ ಹೆಗಲ ಮೇಲೇ ಇರುವುದರಿಂದ ಮೈ ಮುಟ್ಟದೆ ಯಾರೂ ಕೈ ಹಾಕುವಂತಿಲ್ಲ. ಬೆನ್ನಿಗೆ ಬ್ಯಾಗು ಹಾಕಿಕೊಂಡು ಮೆಜೆಸ್ಟಿಕ್ಕಿನ ನೂಕುನುಗ್ಗಲಲ್ಲಿ ನಡೆದವರಿಗೆ ಇದರ ಜಾಣ್ಮೆ ತಟ್ಟನೆ ಅರ್ಥವಾಗುತ್ತದೆ.

ಎಲೆಯಡಿಕೆಯ ಸಂಚಿಯದು ಇನ್ನೊಂದು ಬಗೆ. ಉತ್ತರ ಕರ್ನಾಟಕದಲ್ಲಿ ಅದು ಚಂಚಿ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಹೊಗೆಸೊಪ್ಪಿಗೊಂದು ಅರೆ. ಅವುಗಳ ಸಂದಿಯಲ್ಲಿ ದುಡ್ಡಿಗೊಂದು. ಮಡಚಿ ದಾರ ಸುತ್ತಿದರೆ ಅಂಗೈಯಗಲ. ಈ ಚೀಲಕ್ಕೆ ಸಾಹಿತ್ಯದ ಚರಿತ್ರೆಯಲ್ಲೂ ಜಾಗವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಮೈಸೂರಿನ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು. ಕವಯಿತ್ರಿಯ ಹೆಸರಿನ ಹಿಂದೆ ಆ ಸಂಚಿ ಇಂದಿಗೂ ನಿಂತಿದೆ.

ಇವೆಲ್ಲ ಕೈಹೊಲಿಗೆಯ ಮಾತು. ನಮ್ಮ ಮನೆಗಳಿಗೆ ಬಂದ ಮಷೀನಿನ ಕಥೆ ಅಮೆರಿಕದಲ್ಲಿ ಶುರುವಾಗುತ್ತದೆ. ಇಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಸೂಜಿಯ ಕಣ್ಣು ಬುಡದಿಂದ ಮೊನೆಗೆ ಬಂದಿತ್ತು. ಐಸಾಕ್ ಮೆರಿಟ್ ಸಿಂಗರ್ 1851ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡ. ಹೋವ್ ಮೊಕದ್ದಮೆ ಹೂಡಿ ಗೆದ್ದು ರಾಯಧನ ಪಡೆದ. ಹೆಸರು ಮಾತ್ರ ಸಿಂಗರನದೇ ಉಳಿಯಿತು. ಸಿಂಗರನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1850ರ ದಶಕದಲ್ಲೇ ಮಷೀನನ್ನು ಕಂತಿನ ಮೇಲೆ ಮಾರುವ ದಾರಿ ಹಿಡಿದ. ನಮ್ಮ ಹಳ್ಳಿಗಳಲ್ಲಿ ಸ್ತ್ರೀಶಕ್ತಿ ಸಂಘದ ಸಾಲದಿಂದ ಮಷೀನು ಕೊಂಡು ವಾರವಾರ ಕಟ್ಟುವವರು ಅದೇ ದಾರಿಯಲ್ಲಿದ್ದಾರೆ.

ಯಂತ್ರಗಳನ್ನು ಅನುಮಾನದಿಂದಲೇ ನೋಡುತ್ತಿದ್ದ ಗಾಂಧೀಜಿ 1924ರ ಒಂದು ಸಂವಾದದಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಬೇಸರದ ಹೊಲಿಗೆಯಲ್ಲಿ ಬೇಯುವುದನ್ನು ಕಂಡು, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಇದನ್ನು ಕಂಡುಹಿಡಿದ ಎಂಬುದು ಅವರು ಹೇಳಿದ ಕಾರಣ. ಸಿಂಗರನ ಜೀವನ ಬಲ್ಲವರು ಇಲ್ಲಿ ನಗುತ್ತಾರೆ. ಆತ ನಾಟಕದ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದವನು, ಹಲವು ಸಂಸಾರ ಹೂಡಿದವನು, ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ತಂದೆ. ಕಥೆ ಸುಳ್ಳಾದರೂ ಗಾಂಧೀಜಿಯ ತೀರ್ಮಾನ ತಪ್ಪಿರಲಿಲ್ಲ ಎನ್ನಬೇಕು. ಕರೆಂಟು ಬೇಡದ, ಕಾಲಲ್ಲಿ ತುಳಿದರೆ ಓಡುವ, ಕೆಟ್ಟರೆ ಪೇಟೆಯ ಮೂಲೆಯ ಮೆಕ್ಯಾನಿಕ್ಕು ಸರಿಮಾಡಿಕೊಡುವ ಯಂತ್ರ ಬೇರೆ ಯಾವುದಿದೆ? 1930ರ ದಶಕದಲ್ಲಿ ಕಲ್ಕತ್ತದ ಜೇ ಎಂಜಿನಿಯರಿಂಗ್ ವರ್ಕ್ಸ್ ದೇಶದಲ್ಲೇ ತಯಾರಿಸತೊಡಗಿದ ಉಷಾ ಮುಂದೆ ಎಷ್ಟು ಮನೆ ಹೊಕ್ಕಿತೆಂದರೆ, ಮದುವೆಯ ಸಾಮಾನಿನ ಪಟ್ಟಿಯಲ್ಲಿ ಪಾತ್ರೆ, ಮಂಚ, ಬೀರುವಿನ ಜೊತೆ ಅದಕ್ಕೂ ಒಂದು ಸಾಲು ಮೀಸಲಾಯಿತು.

ಹುಡುಗಿಯರ ಲಂಗ ಹೊಲಿಯುವಾಗ ಈ ಮನೆಗಳಲ್ಲಿ ಒಂದು ಲೆಕ್ಕಾಚಾರ ನಡೆಯುತ್ತಿತ್ತು. ಬೇಕಾದ ಉದ್ದಕ್ಕಿಂತ ಒಂದು ಮೊಳ ಹೆಚ್ಚು ಬಟ್ಟೆ ತಂದು, ಕೆಳಗೆ ಎರಡೋ ಮೂರೋ ಸಾಲು ಮಡಿಕೆ ಹಿಡಿದು ಹೊಲಿಗೆ ಹಾಕುವುದು. ನೋಡುವವರಿಗೆ ಅದು ಅಲಂಕಾರ. ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ ಲಂಗವೂ ಹುಡುಗಿಯ ಜೊತೆ ಬೆಳೆಯುತ್ತದೆ. ಬಿಚ್ಚಿದ ಜಾಗದಲ್ಲಿ ಬಿಸಿಲು ಕಾಣದ ಬಣ್ಣದ ಗಾಢ ಪಟ್ಟಿಯೊಂದು ಉಳಿಯುತ್ತದೆ; ಅದರ ಮೇಲೆ ಜರಿಯ ಲೇಸು ಹೊಲಿದರೆ ಹೊಸ ಲಂಗ. ರವಿಕೆಗೂ ಹಾಗೆಯೇ. ಎರಡೂ ಪಕ್ಕದಲ್ಲಿ ಬಟ್ಟೆ ಬಿಟ್ಟು ಮೂರು ಹೊಲಿಗೆ ಹಾಕಿಟ್ಟರೆ ಮೈ ಬಂದ ಹಾಗೆ ಒಂದೊಂದೇ ಬಿಚ್ಚಿಕೊಳ್ಳಬಹುದು. ಬಾಣಂತನ ಮುಗಿಸಿದವರಿಗೆ ಆ ಮೂರು ಹೊಲಿಗೆಯ ಬೆಲೆ ಗೊತ್ತು. ಇಂದಿನ ರೆಡಿಮೇಡ್ ಕುರ್ತಿಯ ಒಳಗೆ ತಿರುಗಿಸಿ ನೋಡಿ, ಓವರ್‌ಲಾಕ್ ಹೊಲಿಗೆಯ ಆಚೆ ಒಂದು ನೂಲೆಳೆಯಷ್ಟೂ ಬಟ್ಟೆ ಬಿಟ್ಟಿರುವುದಿಲ್ಲ. ದಪ್ಪಗಾದರೆ ಹೊಸದು ಕೊಳ್ಳಿ ಎಂದು ಅರ್ಥ.

ದೀಪಾವಳಿಗೆ ಒಂದೇ ತಾನಿನಿಂದ ಮನೆಯ ಗಂಡುಮಕ್ಕಳಿಗೆಲ್ಲ ಅಂಗಿ ಹೊಲಿಸುವ ಪದ್ಧತಿಯೂ ಇತ್ತು. ಅಣ್ಣ, ತಮ್ಮ, ಚಿಕ್ಕಪ್ಪನ ಮಕ್ಕಳು ಎಲ್ಲರೂ ಒಂದೇ ಚೌಕಳಿಯಲ್ಲಿ ಸಾಲಾಗಿ ನಿಂತರೆ ಬ್ಯಾಂಡ್‌ಸೆಟ್ಟಿನವರು ಬಂದರು ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಹುಡುಗರಿಗೆ ಅದು ನಾಚಿಕೆ. ಉಳಿದ ಬಟ್ಟೆ ದಿಂಬಿನ ಚೀಲವಾಗಿ, ಆಮೇಲೆ ಕೈಚೀಲವಾಗಿ, ಕೊನೆಗೆ ಅಡುಗೆಮನೆಯ ಮಸಿಬಟ್ಟೆಯಾಗಿ ವರ್ಷಗಟ್ಟಲೆ ಎದುರಿಗೇ ಓಡಾಡುತ್ತಿತ್ತು. ಆ ಹುಡುಗರ ಮಕ್ಕಳು ಇವತ್ತು ಬೊಟಿಕ್‌ಗಳಲ್ಲಿ ‘ಫ್ಯಾಮಿಲಿ ಸೆಟ್’ ಎಂದು ಅಪ್ಪ, ಅಮ್ಮ, ಮಗುವಿಗೆ ಒಂದೇ ಬಟ್ಟೆ ಹೊಲಿಸಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಕೂಲಿ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳುವ ಇರಾದೆ ನನಗಿಲ್ಲ. ಮನೆಯವರಿಗೆಲ್ಲ ಹೊಲಿದುಕೊಟ್ಟ ಹೆಂಗಸು ತನ್ನ ರವಿಕೆಯನ್ನು ಹಬ್ಬದ ಹಿಂದಿನ ರಾತ್ರಿ, ಎಲ್ಲರೂ ಮಲಗಿದ ಮೇಲೆ ಹೊಲಿಯುತ್ತಿದ್ದಳು. ಮಷೀನು ಇದೆ ಎಂಬ ಒಂದೇ ಕಾರಣಕ್ಕೆ ‘ಒಂದು ಸಣ್ಣ ಹೊಲಿಗೆ ಹಾಕ್ಕೊಡಿ’ ಎಂದು ಬೀದಿಯವರೆಲ್ಲ ಫಾಲ್ಸು, ಹರಿದ ಶಾಲಾ ಚೀಲ, ಕಿತ್ತ ಜಿಪ್ಪು ಹಿಡಿದು ಬರುತ್ತಿದ್ದರು. ಕಾಸು ಕೇಳಿದರೆ ಸಂಬಂಧ ಕೆಡುತ್ತದೆ, ಕೇಳದಿದ್ದರೆ ಸೊಂಟ. ಈಗಲೂ ಹೆಚ್ಚು ಬದಲಾಗಿಲ್ಲ.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಡೆ ಬೆಳಗ್ಗೆ ಬಸ್ಸಿಳಿದು ಗುಂಪುಗುಂಪಾಗಿ ನಡೆಯುವ ಗಾರ್ಮೆಂಟ್ಸ್ ಹೆಂಗಸರನ್ನು ನೋಡಿದಾಗ ಹೊಲಿಗೆಯ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿ ಅಂಗಿಯನ್ನು ಒಬ್ಬರೇ ಹೊಲಿಯುವುದಿಲ್ಲ. ಒಂದು ಬ್ಯಾಚಿನಲ್ಲಿ ಒಬ್ಬಳು ಕಾಲರು, ಇನ್ನೊಬ್ಬಳು ಕಫ್, ಮತ್ತೊಬ್ಬಳು ಜೇಬು. ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ಟಿನ ಹಿಂದೆ ದಿನವಿಡೀ ಬರೀ ತೋಳು ಕೂರಿಸುವವಳ ಮುಂದೆ ಇಡೀ ಅಂಗಿ ಬರುವುದೇ ಇಲ್ಲ. ಅದು ಯಾವ ದೇಶದ ಯಾರ ಮೈಗೆ ಹೋಗುತ್ತದೋ ಅವಳಿಗೆ ತಿಳಿಯದು. ಅದೇ ಹೆಂಗಸು ಭಾನುವಾರ, ತೂಕದ ಲೆಕ್ಕದಲ್ಲಿ ತಂದ ಕಟ್‌ಪೀಸಿನಲ್ಲಿ ಮಗಳಿಗೆ ಫ್ರಾಕು ಹೊಲಿಯುತ್ತಾಳೆ. ಕತ್ತರಿಸುವವಳೂ ಅವಳೇ, ಕಾಜಾ ಹಾಕುವವಳೂ ಅವಳೇ, ಚೆಕಿಂಗೂ ಅವಳದೇ. ಮಗಳು ಎರಡು ಸಲ ಗಿರ‍್ರನೆ ತಿರುಗಿ ನೆರಿಗೆ ಕೊಡೆಯಂತೆ ಬಿಚ್ಚಿಕೊಂಡರೆ ಪಾಸು. ವಾರವಿಡೀ ಕೈಯಲ್ಲಿದ್ದ ಕಸುಬು ಆ ಒಂದು ದಿನ ಪೂರ್ತಿಯಾಗಿ ಅವಳದಾಗುತ್ತದೆ. ಖರ್ಚಿನ ಲೆಕ್ಕ ಹಾಕಿದರೆ ಸಂತೆಯ ಫ್ರಾಕೇ ಅಗ್ಗ. ಆದರೂ ಅವಳು ಹೊಲಿಯುತ್ತಾಳೆ.

ಮಗುವಿನ ಬಟ್ಟೆಯ ವಿಷಯಕ್ಕೆ ಬಂದರೆ ನಮ್ಮಲ್ಲಿ ಗಾದೆಯೇ ಅಡ್ಡ ನಿಲ್ಲುತ್ತದೆ: ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು. ಎಳೆಕೂಸಿಗೆ ಮೊದಲು ಹಾಕುವುದು ಹಳೆ ಬಟ್ಟೆಯನ್ನೇ. ಇದರಲ್ಲಿ ಶಕುನದ ಭಯ ಎಷ್ಟಿದೆಯೋ ಅಷ್ಟೇ ಬಟ್ಟೆಯ ಜ್ಞಾನವೂ ಇದೆ. ಹೊಸ ಹತ್ತಿ ಬಟ್ಟೆಯಲ್ಲಿ ಗಂಜಿ, ಬಣ್ಣದ ಉಳಿಕೆ, ಗಿರಣಿಯ ಬಿಗುಪು ಇರುತ್ತದೆ. ನೂರು ಸಲ ಒಗೆದ ಸೀರೆ ಅವನ್ನೆಲ್ಲ ಕಳೆದುಕೊಂಡಿರುತ್ತದೆ, ನೀರನ್ನು ಬೇಗ ಹೀರುತ್ತದೆ, ಬೇಗ ಒಣಗುತ್ತದೆ. ನಾಮಕರಣದ ಹೊತ್ತಿಗೆ ತವರಿನವರು ತರುವ ಕುಲಾವಿ, ಕುಂಚಿಗೆಯದು ಬೇರೆ ಗತ್ತು. ಬಾಗಲಕೋಟೆ ಸೀಮೆಯಲ್ಲಾದರೆ ಗುಳೇದಗುಡ್ಡದ ಖಣದ ತುಂಡು, ಅಂಚಿಗೆ ಜರಿ, ತಲೆಯಿಂದ ಬೆನ್ನವರೆಗೆ ಇಳಿಬಿದ್ದ ಕುಂಚಿಗೆಯ ಸೆರಗು.

ಈ ಹಳೆ ಬಟ್ಟೆ ಈಗ ಸಮುದ್ರ ದಾಟುತ್ತಿದೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೊರಡುವ ತಾಯಂದಿರ ಸೂಟ್‌ಕೇಸನ್ನು ಒಮ್ಮೆ ನೋಡಬೇಕು. ಒಂದು ಪೆಟ್ಟಿಗೆಗೆ 23 ಕೆ.ಜಿ. ಮಿತಿ. ಅಂಟಿನ ಉಂಡೆ, ಬಜೆ, ಮೆಣಸಿನ ಪುಡಿ ತೂಗಿ ತೂಗಿ ಇಟ್ಟ ಮೇಲೆ ಉಳಿದ ಸಂದಿಗೆಲ್ಲ ಮಡಚಿದ ಲಂಗೋಟಿ, ಪಕ್ಕದಲ್ಲಿ ಲಾಡಿ ಕಟ್ಟುವ ಜಬಲಾ, ತಾಯಿಯ ಎರಡು ಮೆತ್ತನೆ ಸೀರೆಗಳನ್ನು ಜೋಡಿಸಿದ ಹೊದಿಕೆ. ‘ಅಮ್ಮ, ಇಲ್ಲಿ ಎಲ್ಲಾ ಸಿಗತ್ತೆ’ ಎಂದು ಮಗಳು ವಿಡಿಯೊ ಕಾಲಿನಲ್ಲಿ ಹೇಳುತ್ತಲೇ ಇರುತ್ತಾಳೆ. ‘ಸಿಗಲಿ ಬಿಡೇ’ ಎಂದು ಅಮ್ಮ ಇನ್ನೊಂದು ತುರುಕುತ್ತಾಳೆ. ಎಳೆಮಗುವಿನ ಜಬಲಾ ಹೊಲಿಯುವವರಿಗೆ ಎರಡು ಮಾತು. ಗುಂಡಿ ಬೇಡ, ಕಿತ್ತರೆ ಬಾಯಿಗೆ ಹೋಗುತ್ತದೆ. ಲಾಡಿ ಕುತ್ತಿಗೆಯ ಹತ್ತಿರ ಬರಕೂಡದು, ಪಕ್ಕೆಗೇ ಇರಲಿ, ಗಿಡ್ಡವಾಗಿರಲಿ. ಮೊದಲ ತಿಂಗಳು ಹೊಲಿಗೆಯ ಗೀರು ಹೊರಗೆ ಬರುವಂತೆ ತಿರುಗಿಸಿ ಹಾಕಿದರೂ ನಡೆಯುತ್ತದೆ. ಚೆಂದ ಕಡಿಮೆ, ಮೈಗೆ ಹಿತ.

ಆ ಹೊದಿಕೆಯ ಅಕ್ಕ ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ, ಧೋತ್ರಗಳನ್ನು ಪದರ ಪದರವಾಗಿ ಹಾಸಿ, ನೆಲದ ಮೇಲೆ ಕೂತು, ಉದ್ದ ಓಡುಹೊಲಿಗೆಯಲ್ಲಿ ಹೊಲಿಯುವ ಕೌದಿಗೆ ಮಷೀನು ಬೇಕಿಲ್ಲ, ದಬ್ಬಳದಂಥ ಸೂಜಿಯೂ ದಪ್ಪ ನೂಲೂ ಸಾಕು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಂಗಸರ ಕವದಿ ಇನ್ನೂ ವಿಶಿಷ್ಟ. ಆಫ್ರಿಕದ ಮೂಲದ ಈ ಸಮುದಾಯದ ಹೆಂಗಸರು ಒಂದು ಮೂಲೆಯಿಂದ ಆರಂಭಿಸಿ ಅಂಚಿನಗುಂಟ ತುಂಡು ಬಟ್ಟೆ ಕೂರಿಸುತ್ತ ಒಳಒಳಗೆ ಸಾಗಿ ನಡುವಿಗೆ ಬಂದು ಮುಟ್ಟುತ್ತಾರೆ. ಮೊದಲೇ ಗೀಚಿಕೊಂಡ ನಕ್ಷೆ ಇರುವುದಿಲ್ಲ. ನಾಲ್ಕು ಮೂಲೆಗೆ ‘ಫುಲಾ’ ಎಂಬ ಮಡಿಸಿದ ತ್ರಿಕೋನದ ಹೂವು ಇಡದೆ ಕವದಿ ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಅಧ್ಯಯನ ಮಾಡಿದ ಮೇಲೆ ಸಿದ್ದಿ ಕವದಿಗಳು ಅಮೆರಿಕದ ಪ್ರದರ್ಶನಗಳ ಗೋಡೆ ಏರಿದವು. ಗೋಡೆಗೆ ಏರಿದ್ದು ಸಂತೋಷ. ಮಳೆಗಾಲದ ಚಳಿಯಲ್ಲಿ ಅದರೊಳಗೆ ಮಲಗಿದವರಿಗೆ ಅದು ಗೋಡೆಯ ವಸ್ತು ಎಂದು ನಂಬುವುದು ಕಷ್ಟ.

ಇನ್ನು ಪ್ರವಾಸಕ್ಕೆಂದೇ ಹೊಲಿಯುವವರಿಗೆ ಕೆಲವು ಕೆಲಸದ ಮಾತು. ಮಷೀನಿನ ಹೊಲಿಗೆಯಲ್ಲಿ ಮೇಲಿನ ದಾರ ಒಂದು, ಬಾಬಿನ್ನಿನ ದಾರ ಇನ್ನೊಂದು. ಎರಡೂ ಬಟ್ಟೆಯ ನಡುವೆ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಒಂದು ಕಡೆ ಕಿತ್ತರೂ ಪೂರ್ತಿ ಬಿಚ್ಚುವುದಿಲ್ಲ. ಅಕ್ಕಿಮೂಟೆಯ ಬಾಯಿಯದು ಸರಪಳಿ ಹೊಲಿಗೆ, ಸರಿಯಾದ ತುದಿ ಸಿಕ್ಕಿ ಎಳೆದರೆ ಸರ‍್ರನೆ ಬಾಯಿ ತೆರೆಯುತ್ತದೆ. ದಾರಿಯಲ್ಲಿ ಹೊರುವ ಚೀಲಕ್ಕೆ ಆ ಹೊಲಿಗೆ ಹಾಕಿದ ಅಗ್ಗದ ಮಾಲು ಕೊಳ್ಳಬಾರದೆನ್ನುವುದು ಅದಕ್ಕೇ. ಚೀಲದ ಹಿಡಿ ಕೀಳುವುದು ಯಾವಾಗಲೂ ಬುಡದಲ್ಲಿ. ಹಿಡಿಯ ತುದಿಯನ್ನು ಚೀಲದ ಮೇಲೆ ಎರಡಿಂಚು ಇಳಿಸಿ, ಚೌಕವಾಗಿ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡ ಹೊಲಿಗೆ ಹಾಕಿದರೆ ಬಟ್ಟೆ ಹರಿದೀತೇ ಹೊರತು ಹಿಡಿ ಕೀಳದು. ಕ್ಯಾನ್ವಾಸು, ಹಳೆ ಜೀನ್ಸಿಗೆ 18ನೇ ನಂಬರಿನ ಸೂಜಿ. ರವಿಕೆಗೆ ಹಾಕುವ 14ನ್ನೇ ಬಳಸಿದರೆ ಟಪ್ಪೆಂದು ಮುರಿದು ಕಣ್ಣಿಗೆ ಸಿಡಿದೀತು. ಹತ್ತಿ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಚೀಲದ ಅಸ್ತರು ಬಿಗಿದು ಹೊರಮೈ ಸುಕ್ಕಾಗುತ್ತದೆ.

ದೇಶದೊಳಗಿನ ವಿಮಾನದಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ. ಚಕ್ರದ ಪೆಟ್ಟಿಗೆಯೇ ಅದರಲ್ಲಿ ಎರಡು ಮೂರು ಕೆ.ಜಿ. ತಿಂದುಬಿಡುತ್ತದೆ, ಬಟ್ಟೆಯ ಚೀಲ ತೂಗುವುದೇ ಇಲ್ಲ. ಪಾಸ್‌ಪೋರ್ಟಿಗೆ ಕೊರಳಚೀಲ ಹೊಲಿಯುವವರು ಅಳತೆ ಹುಡುಕಬೇಕಾಗಿಲ್ಲ, ಯಾವ ದೇಶದ್ದಾದರೂ ಅದು 12.5 ಸೆಂ.ಮೀ. ಉದ್ದ, 8.8 ಸೆಂ.ಮೀ. ಅಗಲ. ಸುತ್ತ ಒಂದೊಂದು ಸೆಂಟಿಮೀಟರು ಸಡಿಲ, ಅದರಾಚೆ ಹೊಲಿಗೆಗೆ ಬಟ್ಟೆ. ಸಡಿಲ ಬಿಡದೆ ಬಿಗಿಯಾಗಿ ಹೊಲಿದರೆ ವಲಸೆ ಅಧಿಕಾರಿಯ ಕೌಂಟರಿನ ಮುಂದೆ ಪಾಸ್‌ಪೋರ್ಟು ಹೊರಬಾರದೆ ಹಿಂದಿನ ಸಾಲಿನವರು ಗೊಣಗುತ್ತಾರೆ.

ನಮ್ಮ ಹೆಂಗಸರಿಗೆ ಮಾತ್ರ ಇತ್ತೀಚೆಗೆ ಪಾಸ್‌ಪೋರ್ಟಿಗಿಂತ ಹೆಚ್ಚು ಕೈಗೆ ಬೇಕಾಗಿರುವುದು ಆಧಾರ್. ರಾಜ್ಯದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಬಸ್ಸಿನಲ್ಲಿ ಉಚಿತ ಟಿಕೆಟ್ ಬೇಕಾದರೆ ಗುರುತಿನ ಚೀಟಿ ತೋರಿಸಬೇಕು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಮಗು, ಕಾರ್ಡು ವ್ಯಾನಿಟಿ ಬ್ಯಾಗಿನ ತಳದಲ್ಲಿ. ಕಂಡಕ್ಟರು ‘ಬೇಗ ತೆಗೀರಮ್ಮ’ ಎನ್ನುತ್ತಾ ನಿಂತಿರುತ್ತಾನೆ. ಇದಕ್ಕೆ ಉತ್ತರವಾಗಿ ಬ್ಲೌಸ್ ಪೀಸಿನ ಚೂರುಗಳಿಂದ ಆಧಾರ್ ಚೀಲ ಹೊಲಿದುಕೊಳ್ಳುವವರಿದ್ದಾರೆ. ಪಿವಿಸಿ ಕಾರ್ಡು ಎಟಿಎಂ ಕಾರ್ಡಿನಷ್ಟೇ ಇರುವುದರಿಂದ ಹಳೆ ರವಿಕೆಯ ಒಂದು ತೋಳಿನಲ್ಲಿ ಎರಡು ಚೀಲವಾಗುತ್ತವೆ. ಮುಂದಕ್ಕೆ ಹೊಸ ಸೀರೆ ಬಂದ ಪ್ಲಾಸ್ಟಿಕ್ ಕವರಿನ ತುಂಡನ್ನು ಕಿಟಕಿಯಂತೆ ಕೂರಿಸಿದರೆ ಕಾರ್ಡು ಹೊರತೆಗೆಯುವ ಕೆಲಸವೇ ಇಲ್ಲ, ಕೊರಳಿಂದ ಎತ್ತಿ ತೋರಿಸಿದರಾಯಿತು. ಬಿಸಿಲಿಗೆ ಆ ಪ್ಲಾಸ್ಟಿಕ್ಕು ವರ್ಷದೊಳಗೆ ಬಿರಿಯುತ್ತದೆ. ಹೊಲಿಗೆ ಬಿಚ್ಚಿ ಬೇರೆ ತುಂಡು ಹಾಕಿದರಾಯಿತು, ಅಷ್ಟರಲ್ಲಿ ಮನೆಗೆ ಇನ್ನೊಂದು ಸೀರೆ ಬಂದೇ ಇರುತ್ತದೆ.